ಎಲ್ಲರೂ ಕೂಡಿ ಒತ್ತಿದಾಗ

ಸೂಗಪ್ಪನಿಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಾಗುತ್ತಿರಲಿಲ್ಲ. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಸಾಕಿತ್ತು. ಆದರೆ ಆ ಸೋಮವಾರ ಬಂದ ಸಿಟ್ಟಿಗೆ ಕಾರಣ ದೊಡ್ಡದೇ ಇತ್ತು.

ಕಲಬುರಗಿಯ ಐವಾನ್-ಎ-ಶಾಹಿ ಕಡೆಗೆ ಹೋಗುವ ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವನ ಕಂಪನಿ. ಕಂಪನಿ ಎಂದರೆ ಯಶವಂತ ಎಂಬ ಮಾಲೀಕ, ಸೂಗಪ್ಪ, ಜಾವೀದ್, ಮತ್ತೆ ಸದಾ ಗೊಣಗುವ ಒಂದು ಎಸಿ. ರಕ್ತ ಪರೀಕ್ಷೆ ಮಾಡುವ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ಇವರ ಕೆಲಸ. ರಕ್ತ ಕೊಟ್ಟವರ ಫೋನಿಗೆ ಮೆಸೇಜು ಹೋಗುತ್ತದೆ. ಅದರಲ್ಲಿರುವ ಲಿಂಕು ಒತ್ತಿದರೆ ಆ ಗಳಿಗೆಗೇ ಅವರ ರಿಪೋರ್ಟು ಪಿಡಿಎಫ್ ಆಗಿ ತಯಾರಾಗಿ ಕಣ್ಣ ಮುಂದೆ ಬರುತ್ತದೆ. ಆ ಪಿಡಿಎಫ್ ತಯಾರಿಸುವ ಭಾಗವೊಂದನ್ನು ಮಾತ್ರ ಇವರು ಬರೆದಿರಲಿಲ್ಲ. ಯಾವುದೋ ದೇಶದಲ್ಲಿ ಯಾರೋ ಬರೆದು, ಬೇಕಾದವರು ಬಳಸಿಕೊಳ್ಳಿ ಎಂದು ಪುಕ್ಕಟೆ ಬಿಟ್ಟಿದ್ದ ಕೋಡು ಅದು, ಈ ಕೆಲಸದವರ ಬಾಯಲ್ಲಿ ಲೈಬ್ರರಿ.

ಸೋಮವಾರ ಯಶವಂತ ಕುರ್ಚಿಯನ್ನು ಇವನ ಕಡೆ ತಿರುಗಿಸಿ, ಯಾವ ಚಿಂತೆಯೂ ಇಲ್ಲದವನ ಹಾಗೆ ಹೇಳಿದ. "ಸೂಗಪ್ಪಣ್ಣ, ಕಮಲಾಪುರದ್ದು ಆಪರೇಟರ್ ಮಿಸ್ಟೇಕ್ ಅಂತ ಬರೆದು ಮುಗಿಸಿಬಿಡೋಣ."

ಕಮಲಾಪುರದ್ದು ಎಂದರೆ ಆಗಿದ್ದು ಇಷ್ಟು. ಅಲ್ಲಿನ ಲ್ಯಾಬಿನಲ್ಲಿ ಅಂಬಮ್ಮ ಎಂಬಾಕೆ, ಆಕೆಯ ಸೊಸೆ ಪ್ರೀತಿ ಇಬ್ಬರೂ ಒಂದೇ ದಿನ ರಕ್ತ ಕೊಟ್ಟಿದ್ದರು. ಪ್ರೀತಿಯ ಫೋನಿಗೆ ಬಂದ ರಿಪೋರ್ಟಿನಲ್ಲಿ ಮೇಲೆ ಅವಳ ಹೆಸರು, ಕೆಳಗೆ ಅತ್ತೆಯ ಅಂಕಿಗಳು. ಅಂಬಮ್ಮ ಸಕ್ಕರೆ ಕಾಯಿಲೆಯ ಹಳೆಯ ಗಿರಾಕಿ. ಇಷ್ಟು ಸಣ್ಣ ವಯಸ್ಸಿಗೆ ಸೊಸೆಗೂ ಬಂತಲ್ಲ ಎಂದು ಮರುಗಿ, ಡಾಕ್ಟರ ಕಡೆ ಹೋಗುವ ತನಕ ಇದೊಂದು ಇರಲಿ ಎಂದು ತನ್ನ ಡಬ್ಬಿಯಿಂದಲೇ ಗುಳಿಗೆ ತೆಗೆದು ಕೊಟ್ಟಳು. ನುಂಗಿದ ಪ್ರೀತಿ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣಿನ ಬಂಡಿಯ ಮುಂದೆ ಕಣ್ಣುಕತ್ತಲೆ ಬಂದು ಬಿದ್ದಳು. ಬಂಡಿಯವನೇ ಹಣ್ಣು ಸುಲಿದು ತಿನ್ನಿಸಿ ಎಬ್ಬಿಸಿದ.

ಮನೆಮಂದಿ ಲ್ಯಾಬಿಗೆ ಹೋಗಿ ಕೇಳಿದರು. ಅಲ್ಲಿ ರಕ್ತ ತೆಗೆಯುವುದು, ಟ್ಯೂಬಿಗೆ ಹೆಸರಿನ ಚೀಟಿ ಹಚ್ಚುವುದು, ಅಂಕಿ ತುಂಬುವುದು ಎಲ್ಲಾ ಮಲ್ಲಿಕಾ ಒಬ್ಬಳದೇ ಕೆಲಸ. ಆಕೆ ಪ್ರೀತಿಯ ರಿಪೋರ್ಟು ತೆರೆದು ನೋಡಿದಳು. ಸರಿಯಾಗಿತ್ತು. ಪ್ರೀತಿಯ ಫೋನಿನಲ್ಲಿ ಅದೇ ಲಿಂಕು ಮತ್ತೊಮ್ಮೆ ಒತ್ತಿದರು. ಅದೂ ಸರಿಯಾಗಿ ಬಂತು. ಮಲ್ಲಿಕಾಳ ಹಣೆಬರಹ ಕೆಟ್ಟಿದ್ದು ಅಲ್ಲೇ. ಲ್ಯಾಬಿನ ಒಡೆಯ ಡಾಕ್ಟರ್ ವಿವೇಕಾನಂದ ಕಲಬುರಗಿಯಿಂದ ಕಾರಿನಲ್ಲಿ ಬಂದು, ಮೊದಲು ಟ್ಯೂಬು ಅದಲುಬದಲು ಮಾಡಿದ್ದಾಳೆ, ಸಿಕ್ಕಿಬಿದ್ದ ಮೇಲೆ ಗುಟ್ಟಾಗಿ ತಿದ್ದಿದ್ದಾಳೆ ಎಂದು ತೀರ್ಮಾನ ಮಾಡಿದರು. ಒಳಗೆ ಕರೆದು ಕೇಳಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ರಿಪೋರ್ಟಿಗೆ ಕಾದು ಕೂತ ಊರ ಜನರ ಮುಂದೆ ಬೈದರು. ಶನಿವಾರಕ್ಕೆ ಲೆಕ್ಕ ಮುಗಿಸಿ ಹೋಗು ಎಂದರು.

ಯಾರಾದರೂ ಅಂಕಿ ತಿದ್ದಿದರೆ ಸಾಫ್ಟ್‌ವೇರ್ ಅದನ್ನು ಗುರುತು ಹಾಕಿಕೊಳ್ಳುತ್ತದೆ. ಸೂಗಪ್ಪ ಬೆಳಿಗ್ಗೆಯೇ ಅದನ್ನು ನೋಡಿದ್ದ. ಒಂದು ಅಂಕಿಯನ್ನೂ ಯಾರೂ ಮುಟ್ಟಿರಲಿಲ್ಲ. ಪ್ರೀತಿಯ ಫೋನಿನಲ್ಲಿ ಮೊದಲು ಇಳಿದಿದ್ದ ಪ್ರತಿಯನ್ನೂ ತರಿಸಿಕೊಂಡಿದ್ದ. ಎರಡನ್ನೂ ಯಶವಂತನ ಮುಂದಿಟ್ಟು, ಇದನ್ನು ಆ ಹೆಣ್ಣುಮಗಳು ಹೇಗೆ ಮಾಡಿರಬಹುದು, ಹೇಳು ಎಂದ.

"ಒಮ್ಮೆ ಬಂದದ, ಮತ್ತ ಬರಾಕತ್ತಿಲ್ಲ. ತೋರಿಸಾಕ ಬರದೇ ಇರೋದಕ್ಕ ಸಾಫ್ಟ್‌ವೇರಿನ ಬಗ್ ಅನ್ನಾಕ ಬರಂಗಿಲ್ಲಣ್ಣ" ಎಂದ ಯಶವಂತ.

"ಒಮ್ಮೊಮ್ಮೆ ಬರೋ ಕಳ್ಳ ಕಳ್ಳ ಅಲ್ಲೇನು? ದಿನಾ ಬಂದು ಸಹಿ ಮಾಡಿ ಹೋಗಬೇಕೇನು ಅವಾ?"

ಜಾವೀದ್ ನಗು ನುಂಗಿಕೊಂಡು ತನ್ನ ಪರದೆಯ ಕಡೆ ತಿರುಗಿದ.

ಸೂಗಪ್ಪ ಶರಣಸಿರಸಗಿಯ ಸರ್ಕಾರಿ ಶಾಲೆಯಲ್ಲಿ ಕಲಿತವನು. ಕಂಪ್ಯೂಟರಿನ ಮುಂದೆ ಮೊದಲು ಕೂತದ್ದು ಲಗ್ನಪತ್ರಿಕೆ ಮಾಡುವ ಪ್ರೆಸ್ಸಿನಲ್ಲಿ. ಒಂದು ಮನೆಯ ಪತ್ರಿಕೆಯಲ್ಲಿ ಇನ್ನೊಂದು ಮನೆಯ ಮದುಮಗಳ ಹೆಸರು ಬಂದರೆ ಏನಾಗುತ್ತದೆ ಎಂದು ಅಲ್ಲಿ ಕಣ್ಣಾರೆ ಕಂಡಿದ್ದ. ಇಡೀ ಬೀಗರ ದಂಡು ಪ್ರೆಸ್ಸಿನ ಮುಂದೆ ಬಂದು ನಿಲ್ಲುತ್ತಿತ್ತು. ಅಂದಿನಿಂದ ಹೆಸರು ಒಬ್ಬರದು, ಒಳಗಿನ ಮಾತು ಒಬ್ಬರದು ಆಗುವುದೆಂದರೆ ಅವನ ಮೈ ಉರಿಯುತ್ತಿತ್ತು. ಇಲ್ಲಿಯೂ ಹಾಗೆಯೇ ಆಗಿತ್ತು, ಆದರೆ ಬಂದು ನಿಲ್ಲಲು ಮಲ್ಲಿಕಾಳ ಕಡೆಗೆ ಯಾವ ದಂಡೂ ಇರಲಿಲ್ಲ.

ಎರಡು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಪ್ರೀತಿಯ ರಿಪೋರ್ಟು ತೆರೆದ, ಮುಚ್ಚಿದ, ಮತ್ತೆ ತೆರೆದ. ಅಂಬಮ್ಮನದನ್ನು ತೆರೆದು ಪ್ರೀತಿಯದನ್ನು ತೆರೆದ. ಹಳೆಯ ಫೋನಿನಲ್ಲಿ ಒತ್ತಿದ, ನೆಟ್‌ವರ್ಕು ಸಿಗದ ಮೆಟ್ಟಿಲ ಕೆಳಗೆ ಹೋಗಿ ಒತ್ತಿದ, ಕನ್ನಡ ಅಕ್ಷರ ತೆಗೆದು ಇಂಗ್ಲಿಷ್ ಹಾಕಿ ಒತ್ತಿದ. ಪ್ರತಿ ಸಲವೂ ರಿಪೋರ್ಟು ಸರಿಯಾಗಿಯೇ ಬಂದು ಅವನನ್ನು ಅಣಕಿಸಿತು. ಲೈಬ್ರರಿ ಬರೆದವರ ಚರ್ಚೆಯ ಪುಟ ಹುಡುಕಿದ. ಬೇರೆ ಬೇರೆ ಊರುಗಳಿಂದ ಇದೇ ದೂರನ್ನು ಬರೆದವರು ಅಲ್ಲಿದ್ದರು, ಒಬ್ಬರ ಹಾಳೆಯಲ್ಲಿ ಒಮ್ಮೊಮ್ಮೆ ಇನ್ನೊಬ್ಬರ ವಿವರ ಬರುತ್ತದೆ ಎಂದು. ಎಲ್ಲರಿಗೂ ಒಂದೇ ಉತ್ತರ. ನಮ್ಮಲ್ಲಿ ಹಾಗೆ ಬರಲಿಲ್ಲ, ಆದ್ದರಿಂದ ದೂರನ್ನು ಮುಚ್ಚಿದ್ದೇವೆ. ಸೂಗಪ್ಪನಿಗೆ ಯಶವಂತನ ಮೇಲಿದ್ದ ಸಿಟ್ಟು ಸಮುದ್ರ ದಾಟಿತು. ನಿಮ್ಮ ಮನೆಯಲ್ಲಿ ಮಳೆ ಬರಲಿಲ್ಲವೆಂದರೆ ನಮ್ಮ ಅಂಗಳ ಒಣಗಿರುತ್ತದೆಯೇ ಎಂದು ಪರದೆಗೇ ಬೈದ.

ಗುರುವಾರ ಕಮಲಾಪುರಕ್ಕೆ ಹೋಗುತ್ತೇನೆ ಎಂದ. ಒಂದು ದಿನ ಹಾಳು ಎಂದ ಯಶವಂತ. ಹಾಗಾದರೆ ರಜೆ ಹಾಕಿಕೋ ಎಂದು ಹೇಳಿ ಸೂಗಪ್ಪ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದ.

ಲ್ಯಾಬು ಬಸ್ ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಒಂದು ಕೋಣೆ, ಅದರ ಮುಂದೆ ಬೇವಿನ ನೆರಳಿನ ಉದ್ದನೆಯ ಕಟ್ಟೆ. ಮಲ್ಲಿಕಾ ಒಬ್ಬ ಮುದುಕನ ತೋಳಿಗೆ ರಬ್ಬರು ಪಟ್ಟಿ ಕಟ್ಟುತ್ತಿದ್ದಳು. ಇವನು ಯಾವ ಕಂಪನಿಯವನೆಂದು ಕೇಳಿ ತಿಳಿದ ಮೇಲೆ ತಲೆ ಎತ್ತಲಿಲ್ಲ.

"ನೀವೂ ನೋಡಾಕ ಬಂದೀರೇನ್ರಿ, ನಾ ಹೆಂಗ ಟ್ಯೂಬು ಅದಲುಬದಲು ಮಾಡ್ತೀನಂತ?"

"ನಿನ್ನ ನೋಡಾಕ ಬಂದಿಲ್ಲವ್ವಾ. ನಮ್ಮದು ನಾವು ನೋಡ್ಕೊಳ್ಳಾಕ ಬಂದೀನಿ."

"ನೋಡ್ರಿ. ಇಲ್ಲಿ ಖುರ್ಚಿ ಇಲ್ಲ. ಹೊರಗ ಕಟ್ಟಿ ಅದ."

ಬೇರೆ ದಿನವಾಗಿದ್ದರೆ ಅವನೂ ಎರಡು ಮಾತು ಆಡುತ್ತಿದ್ದ. ಅಂದು ಸುಮ್ಮನೆ ಹೋಗಿ ಕಟ್ಟೆಯ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಒಂದು ಮನೆಮಂದಿ ಬಂದರು. ಮುಂದೆ ನಡೆದ ಹಿರಿಯಾಕೆಯೇ ಅಂಬಮ್ಮ ಎಂದು ಆಕೆಯ ಮಾತಿನಿಂದಲೇ ತಿಳಿಯಿತು. ಪ್ರೀತಿ ಬಿದ್ದ ಮೇಲೆ ಆಸ್ಪತ್ರೆಯ ಡಾಕ್ಟರು ಇನ್ನೊಮ್ಮೆ ಪರೀಕ್ಷೆ ಬರೆದುಕೊಟ್ಟಿದ್ದರು. ಅದರಲ್ಲಿ ಗರ್ಭ ಪರೀಕ್ಷೆಯೂ ಇತ್ತು. ಜೊತೆಗೆ ಪ್ರೀತಿಯ ಗಂಡ ಮಾಳಿಂಗ ಬಂದಿದ್ದ, ಅಂಬಮ್ಮನ ತಂಗಿ ಚಂದಮ್ಮ ಬಂದಿದ್ದಳು. ಅಲ್ಲಿ ಯಾರೂ ಒಬ್ಬರೇ ಬರುವುದಿಲ್ಲ, ಬಂದವರು ಹೇಗೂ ಬಂದಿದ್ದೇವಲ್ಲ ಎಂದು ತಾವೂ ತೋಳು ಚಾಚುತ್ತಾರೆ. ನಾಲ್ವರೂ ರಕ್ತ ಕೊಟ್ಟರು. ಅಂಬಮ್ಮ ಮಲ್ಲಿಕಾಳ ಪಕ್ಕದಲ್ಲೇ ನಿಂತು ಟ್ಯೂಬಿಗೆ ಚೀಟಿ ಹಚ್ಚುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಮಲ್ಲಿಕಾ ಹಲ್ಲು ಕಚ್ಚಿ ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ ಹಚ್ಚಿದಳು. ಸೂಗಪ್ಪ ಬಾಗಿಲಿನಿಂದ ಅದನ್ನು ನೋಡಿದ. ಇಷ್ಟು ದಿನ ಒಂದು ತಪ್ಪೂ ಮಾಡದ ಕೈಗೆ ಕಾವಲು.

ಮಧ್ಯಾಹ್ನದ ಹೊತ್ತಿಗೆ ಮೆಸೇಜುಗಳು ಬರತೊಡಗಿದವು. ಮೊದಲು ಮಾಳಿಂಗನ ಫೋನು ಸದ್ದು ಮಾಡಿತು. ಅವನು ನೋಡದೆ ಅದನ್ನು ತೊಡೆಯ ಮೇಲೆ ಬೋರಲು ಹಾಕಿದ. ಚಂದಮ್ಮನದು ಬಂತು. ಆಕೆಯೂ ಮಡಿಲಲ್ಲಿಟ್ಟುಕೊಂಡು ಎಲೆಅಡಿಕೆ ಚೀಲ ಬಿಚ್ಚಿದಳು. ಡಾಕ್ಟರ್ ವಿವೇಕಾನಂದರದೇ ಕಲಬುರಗಿಯ ಲ್ಯಾಬಿನಲ್ಲಿ ಸೂಗಪ್ಪ ಎಷ್ಟೋ ಸಲ ಕೂತಿದ್ದ. ಅಲ್ಲಿ ಜನ ಮೆಸೇಜು ಬಂದ ಗಳಿಗೆಗೆ ಆಟೋದಲ್ಲೋ ಬೈಕಿನ ಮೇಲೋ ಒಬ್ಬೊಬ್ಬರೇ ತೆರೆದು ನೋಡುತ್ತಿದ್ದರು. ಇವರೇಕೆ ಕೂತಿದ್ದಾರೆ? ತಡೆಯಲಾರದೆ ಕೇಳಿದ.

ಅಂಬಮ್ಮ ಇವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಎಲ್ಲಾರದೂ ಬರ್ಲಿ ಅಂತ ಕುಂತೀವಪ್ಪಾ. ಒಬ್ಬರದು ಛಲೋ ಬಂದು ಒಬ್ಬರದು ಕೆಟ್ಟ ಬಂದ್ರ, ಮೊದಲು ನೋಡಿದಾಕಿ ಮಾರಿ ಹೆಂಗ ಇಟ್ಕೋಬೇಕು? ಕೂಡೇ ನೋಡಿದ್ರ ಒಬ್ಬರ ಮಾರಿ ಒಬ್ಬರು ಹುಡುಕೋದು ತಪ್ತದ."

ಅದು ಆಕೆಯ ಮನೆಯ ರೀತಿಯಷ್ಟೇ ಆಗಿರಲಿಲ್ಲ. ಕಟ್ಟೆಯ ಆ ತುದಿಯಲ್ಲಿ ಇನ್ನೊಂದು ಮನೆಯವರು ಟವೆಲ್ ಹಾಸಿ, ಬಂದ ಫೋನುಗಳನ್ನು ಅದರ ಮೇಲೆ ಸಾಲಾಗಿ ಬೋರಲು ಹಾಕಿಕೊಂಡು ಕೂತಿದ್ದರು.

ಕಡೆಗೆ ಪ್ರೀತಿಯ ಫೋನೂ ಸದ್ದು ಮಾಡಿತು. ನಾಲ್ವರೂ ಫೋನು ಎತ್ತಿಕೊಂಡು ಮೆಸೇಜು ತೆರೆದು, ಲಿಂಕಿನ ಮೇಲೆ ಹೆಬ್ಬೆರಳು ತೂಗಿ ಹಿಡಿದು ಕಾದರು. ಅಂಬಮ್ಮ ಕಣ್ಣು ಮುಚ್ಚಿ, ಶರಣಬಸವಪ್ಪಾ ನೀನೇ ಕಾಯಪ್ಪಾ ಎಂದಳು. ಅದು ಮುಗಿಯುತ್ತಲೇ ನಾಲ್ಕು ಹೆಬ್ಬೆರಳು ಒಂದೇ ಗಳಿಗೆಗೆ ಕೆಳಗಿಳಿದವು.

ಸೂಗಪ್ಪನ ಕೈಯಲ್ಲಿದ್ದ ಚಹಾ ಬಾಯಿಗೆ ಹೋಗದೆ ಅಲ್ಲೇ ನಿಂತಿತು. ಎರಡು ದಿನ ಅವನು ಒತ್ತಿದ್ದೇ ಒತ್ತಿದ್ದು. ಒಬ್ಬನೇ ಕೂತು, ಒಂದಾದ ಮೇಲೆ ಒಂದು.

ಮಾಳಿಂಗ ಹುಬ್ಬು ಗಂಟಿಕ್ಕಿ ತನ್ನ ಫೋನನ್ನು ನೋಡುತ್ತಿದ್ದ. ಒಳ್ಳೆ ಕಟ್ಟುಮಸ್ತಾದ ಆಳು, ಕಲ್ಲಿನ ಕ್ವಾರಿಯಲ್ಲಿ ಲಾರಿ ಓಡಿಸುವವನು. ಏನು ಬಂದಿದೆ ಎಂದು ಚಂದಮ್ಮ ಕೇಳಿದಳು. ಅವನು ಫೋನನ್ನು ಎದೆಗೆ ಅವುಚಿಕೊಂಡ. ಆಕೆ ಫೋನು ಕಿತ್ತುಕೊಂಡು, ತೋಳು ಚಾಚಿ ಕಣ್ಣಿಗೆ ದೂರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹೆಸರು ಮಾಳಿಂಗ. ಗಂಡು. ಗರ್ಭ ಪರೀಕ್ಷೆ, ನೆಗೆಟಿವ್.

ಆಕೆ ಒಂದು ಕೈಯಿಂದ ಅವನ ಬೆನ್ನು ತಟ್ಟಿದಳು.

"ಇರ್ಲಿ ಬಿಡಪಾ ಮಾಳಿಂಗಾ" ಎಂದಳು ಚಂದಮ್ಮ. "ಈ ಸಲ ಇಲ್ಲಂತ. ಮುಂದಿನ ಸಲ ದೇವರು ಕಣ್ಣು ತೆರೀತಾನ."

ಟವೆಲ್ಲಿನ ಮನೆಯವರೂ ಸೇರಿ ಇಡೀ ಕಟ್ಟೆ ನಕ್ಕಿತು. ಪ್ರೀತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಳಿಂಗ ಕಿವಿಯ ತನಕ ಕೆಂಪಾಗಿ ಫೋನು ಕಸಿದುಕೊಳ್ಳಲು ಹೋದ. ಸೂಗಪ್ಪ ನಡುವೆ ನುಗ್ಗಿ ಇಬ್ಬರ ಕೈಯನ್ನೂ ತಡೆದ. ಯಾರೂ ಮುಟ್ಟಬೇಡಿರಿ, ಮತ್ತೊಮ್ಮೆ ಒತ್ತಬೇಡಿರಿ, ನಾನು ಬೇಡುವುದು ಇಷ್ಟೇ ಎಂದ. ಆ ಪ್ರತಿಯನ್ನು ತನ್ನ ಫೋನಿಗೆ ಕಳಿಸಿಕೊಂಡ ಮೇಲೆಯೇ ಉಸಿರು ಬಿಟ್ಟ.

ಟ್ಯೂಬು ಅದಲುಬದಲಾಗಿದ್ದರೆ ಅಂಕಿ ತಪ್ಪಬಹುದು. ಆದರೆ ಗಂಡಸಿನ ರಿಪೋರ್ಟಿನಲ್ಲಿ ಗರ್ಭ ಪರೀಕ್ಷೆಯ ಸಾಲೇ ಬರುವುದಿಲ್ಲ. ಮಾಳಿಂಗನ ಹೆಸರಿಗೆ ಆ ಪರೀಕ್ಷೆಯನ್ನು ಯಾರೂ ಬರೆದಿರಲಿಲ್ಲ, ಮಲ್ಲಿಕಾ ತುಂಬಿರಲೂ ಇಲ್ಲ. ಹೆಸರು ಗಂಡನದು, ಕೆಳಗಿನದೆಲ್ಲ ಹೆಂಡತಿಯದು. ಇದು ಕೈಯ ತಪ್ಪಲ್ಲ, ಯಂತ್ರದ ತಪ್ಪು.

ಎಲ್ಲಿ ಹುಡುಕಬೇಕೆಂದು ಈಗ ಗೊತ್ತಾಗಿತ್ತು. ಕಟ್ಟೆಯ ಮೇಲೆಯೇ ಲ್ಯಾಪ್‌ಟಾಪು ತೆರೆದು ಲೈಬ್ರರಿಯ ಒಳಗಿಳಿದ. ಹೊತ್ತು ಹಿಡಿಯಿತು, ಆದರೆ ಸಿಕ್ಕಿತು. ಹಳ್ಳಿ ಶಾಲೆಯಲ್ಲಿ ಇಡೀ ತರಗತಿಗೆ ಬರೆದೊರೆಸುವ ಒಂದೇ ಪಾಟಿ ಇಟ್ಟ ಹಾಗೆ ಕೆಲಸ ಮಾಡಿದ್ದರು. ಪ್ರತಿ ಸಲ ಹೊಸ ಹಾಳೆ ಮಾಡಿದರೆ ತಡವಾಗುತ್ತದೆ ಎಂದು ಒಂದೇ ಹಾಳೆಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಒಬ್ಬರದು ಬರೆದು ಕೊಟ್ಟು, ಒರೆಸಿ, ಇನ್ನೊಬ್ಬರದು ಬರೆಯುವುದು. ಒಬ್ಬೊಬ್ಬರೇ ಬಂದರೆ ಯಾವ ತೊಂದರೆಯೂ ಇಲ್ಲ. ಇಬ್ಬರು ಒಂದೇ ಗಳಿಗೆಗೆ ಬಂದರೆ, ಮೊದಲನೆಯವರ ಹೆಸರು ಬರೆದು ಮುಗಿಯುವಷ್ಟರಲ್ಲಿ ಎರಡನೆಯವರ ಅಂಕಿ ಅದೇ ಪಾಟಿಯ ಮೇಲೆ ಬಂದು ಕೂರುತ್ತದೆ. ಖಾತ್ರಿಗೆ ಅಂಬಮ್ಮನ ಮನೆಯವರಿಂದ ಇನ್ನಷ್ಟು ಸಲ ಒತ್ತಿಸಿದ. ಮೊದಲು ಎಲ್ಲವೂ ಸರಿ ಬಂದವು. ಆಮೇಲೊಮ್ಮೆ ಚಂದಮ್ಮನ ಹೆಸರಿನ ಕೆಳಗೆ ಅಂಬಮ್ಮನ ಸಕ್ಕರೆ ಬಂತು. ಪ್ರತಿ ಸಲವೂ ಅಂಬಮ್ಮ ಶರಣಬಸವಪ್ಪನನ್ನು ಕರೆದೇ ಒತ್ತಿಸಿದಳು, ಬರೀ ಒತ್ತಲು ಒಪ್ಪಲಿಲ್ಲ.

ಮಲ್ಲಿಕಾಳನ್ನು ಕರೆದು ತೋರಿಸಿದ. ಆಕೆ ಹೆಸರಿನ ಸಾಲಿನಿಂದ ಕೊನೆಯ ಸಾಲಿನ ತನಕ ಓದಿದಳು.

"ಇದನ್ನ ಯಾರಿಗಿ ಹೇಳ್ತೀರಿ ಈಗ?" ಎಂದು ಕೇಳಿದಳು.

ಸೂಗಪ್ಪ ಯಶವಂತನಿಗೆ ಫೋನು ಹಚ್ಚಿದ. ಯಶವಂತ ಎಲ್ಲವನ್ನೂ ಕೇಳಿ ಖುಷಿಪಟ್ಟ. ಸರಿಪಡಿಸಿ ಮುಂದಿನ ಅಪ್‌ಡೇಟಿನಲ್ಲಿ ಸುಮ್ಮನೆ ಸೇರಿಸಿಬಿಡು ಎಂದ. ಡಾಕ್ಟರಿಗೆ ಏನೂ ಹೇಳುವುದು ಬೇಡ, ಹೊಸ ಕರಾರಿನ ಮಾತು ನಡೆದಿದೆ ಎಂದ. ಮಲ್ಲಿಕಾಳ ಗತಿ ಏನು ಎಂದರೆ, ಅದು ಅವರ ಲ್ಯಾಬಿನ ಒಳಗಿನ ವಿಷಯ, ನಾವೇಕೆ ಕೈ ಹಾಕಬೇಕು ಎಂದ.

"ಒಳಗಿನ ವಿಷಯ ಏನ? ನಮ್ಮ ಹೊಲಸು ತಗೊಂಡು ಹೋಗಿ ಆಕಿ ಮಾರಿಗಿ ಬಳದೀವಿ. ಈಗ ನಾವು ಕೈ ತೊಳಕೊಂಡು ಮನಿಗಿ ಹೋಗಬೇಕೇನ?" ಸೂಗಪ್ಪನ ದನಿಗೆ ಬೇವಿನ ಮರದ ಕಾಗೆಗಳು ಎದ್ದವು. "ನನ್ನ ತೆಗಿಯೋದಾದ್ರ ತೆಗಿ. ಆದ್ರ ಈ ಲಿಂಕು ಇನ್ನ ಒಂದು ಗಳಿಗಿ ನಡ್ಯಾಂಗಿಲ್ಲ."

ಫೋನು ಇಟ್ಟವನೇ ಲಿಂಕಿನ ವ್ಯವಸ್ಥೆಯನ್ನೇ ನಿಲ್ಲಿಸಿಬಿಟ್ಟ. ಇನ್ನು ಮೇಲೆ ರಿಪೋರ್ಟು ಬೇಕಾದವರು ಕೌಂಟರಿಗೆ ಬಂದು ಒಬ್ಬೊಬ್ಬರಾಗಿ ಮುದ್ರಿಸಿಕೊಳ್ಳಬೇಕು. ಇನ್ನೊಬ್ಬ ಪ್ರೀತಿ ಬೀಳುವುದು ಬೇಡ ಎಂಬುದು ಮೊದಲ ಕಾರಣ. ಎರಡನೆಯದನ್ನು ಅವನು ಯಾರಿಗೂ ಹೇಳಲಿಲ್ಲ. ಲಿಂಕು ನಿಂತರೆ ಡಾಕ್ಟರು ತಾವಾಗಿಯೇ ಫೋನು ಮಾಡುತ್ತಾರೆ.

ಮಾಡಿದರು. ಕಲಬುರಗಿಯ ಲ್ಯಾಬಿನ ಮುಂದೆ ಜನ ಗದ್ದಲ ಹಾಕುತ್ತಿದ್ದಾರೆ, ಲಿಂಕು ಯಾಕೆ ನಿಂತಿದೆ ಎಂದು ಕೂಗಾಡಿದರು. ಸೂಗಪ್ಪ ಸ್ಪೀಕರು ಹಾಕಿ, ತಾನು ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಮಾಳಿಂಗನ ರಿಪೋರ್ಟನ್ನೂ ಕಳಿಸಿದ. ಡಾಕ್ಟರು ಅದನ್ನು ತೆರೆದು ನೋಡಿದರು. ಆಮೇಲೆ ಡಾಕ್ಟರ ದನಿ ಇಳಿಯಿತು. ಯಶವಂತ ಹೀಗೆ ಹೇಳಲೇ ಇಲ್ಲವಲ್ಲ ಎಂದರು. ಅವನು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ ಎಂದ ಸೂಗಪ್ಪ. ಸರಿ, ಮಲ್ಲಿಕಾಗೆ ಫೋನು ಕೊಡಿ, ಕೆಲಸಕ್ಕೆ ಬಾ ಎಂದು ಹೇಳಿಬಿಡುತ್ತೇನೆ ಎಂದರು ಡಾಕ್ಟರು.

ಮಲ್ಲಿಕಾ ಫೋನು ಕೈಗೆ ತೆಗೆದುಕೊಳ್ಳಲಿಲ್ಲ. ದೂರದಿಂದಲೇ ಮಾತಾಡಿದಳು.

"ಸರ್, ನೀವು ನನಗ ಫೋನಿನಾಗ ಬೈದಿಲ್ಲ. ಈ ಕಟ್ಟಿ ಮ್ಯಾಲ ಬೈದೀರಿ, ಮಂದಿ ಮುಂದ. ಹೇಳೋದಿದ್ರ ಇಲ್ಲೇ ಬಂದು ಹೇಳ್ರಿ. ಇಲ್ಲಂದ್ರ ಶನಿವಾರ ನನ್ನ ಲೆಕ್ಕ ಮುಗಿಸ್ರಿ."

ಸೂಗಪ್ಪ ಆ ಸಂಜೆಯೇ ಮಲ್ಲಿಕಾಳ ಮೇಜಿನ ಮೂಲೆಯಲ್ಲಿ ಕೂತು ಲೈಬ್ರರಿಯನ್ನು ತಿದ್ದಿದ. ಬಂದವರಿಗೆಲ್ಲ ಬೇರೆ ಬೇರೆ ಪಾಟಿ ಕೊಟ್ಟ. ರಿಪೋರ್ಟು ತುಸು ನಿಧಾನವಾಗಿ ಬಂತು, ಬರಲಿ ಬಿಡು ಎಂದುಕೊಂಡ. ಶುಕ್ರವಾರ ಕಲಬುರಗಿಯಲ್ಲಿ ಜಾವೀದ್ ಕೆಳಗಿನ ಬಟ್ಟೆ ಅಂಗಡಿಯವರನ್ನೆಲ್ಲ ಫೋನು ಸಮೇತ ಮೇಲೆ ಕರೆತಂದು ಕೂಡಿ ಒತ್ತಿಸಿದ. ಮಧ್ಯಾಹ್ನದವರೆಗೆ ಒತ್ತಿದರೂ ಒಂದೂ ತಪ್ಪಲಿಲ್ಲ. ನಿಲ್ಲಿಸಿದ್ದ ಲಿಂಕನ್ನು ಮತ್ತೆ ತೆರೆದರು. ಯಶವಂತ ಇವನ ಜೊತೆ ಮಾತು ಬಿಟ್ಟಿದ್ದ, ಕೆಲಸದಿಂದ ತೆಗೆಯುವ ಮಾತನ್ನೂ ಎತ್ತಲಿಲ್ಲ. ಸೂಗಪ್ಪ ಲೈಬ್ರರಿಯವರ ಪುಟದಲ್ಲಿ ತನಗೆ ಬಂದ ಇಂಗ್ಲಿಷಿನಲ್ಲಿ ಬರೆದ. ಒಬ್ಬರೇ ಕೂತು ಒತ್ತಿದರೆ ಇದು ಬರುವುದಿಲ್ಲ. ನಾಲ್ಕು ಜನರನ್ನು ಕೂರಿಸಿ ಒಮ್ಮೆಲೇ ಒತ್ತಿಸಿರಿ. ನಿಮ್ಮ ಕಡೆ ಅಷ್ಟು ಜನ ಇಲ್ಲದಿದ್ದರೆ ಕಮಲಾಪುರಕ್ಕೆ ಬನ್ನಿರಿ. ಈ ದೂರನ್ನು ಮತ್ತೊಮ್ಮೆ ಮುಚ್ಚುವ ಮೊದಲು ತಪ್ಪು ಯಾರ ತಲೆಗೆ ಬರುತ್ತದೆ ಎಂದು ನೋಡಿರಿ.

ಶನಿವಾರ ಡಾಕ್ಟರ ಕಾರು ಲ್ಯಾಬಿನ ಮುಂದೆ ನಿಂತಿತು. ಹಿಂದಿನ ಸೀಟಿನಿಂದ ಯಶವಂತನೂ ಇಳಿದ, ಡಾಕ್ಟರೇ ಕರೆತಂದಿದ್ದರು. ಕಟ್ಟೆ ತುಂಬಿತ್ತು. ರಕ್ತ ಕೊಡುವ ಕೆಲಸವಿಲ್ಲದವರೂ ಬಂದು ಕೂತಿದ್ದರು. ಅಂಬಮ್ಮ ಎಲ್ಲರ ಮುಂದೆ. ಬಸ್ಸಿನಲ್ಲಿ ಬಂದಿದ್ದ ಸೂಗಪ್ಪ ಬೇವಿನ ಬುಡಕ್ಕೆ ನಿಂತಿದ್ದ. ಮಲ್ಲಿಕಾ ಬಾಗಿಲಲ್ಲಿ ಬಂದು ನಿಂತಳು.

ಡಾಕ್ಟರು ಗಂಟಲು ಸರಿಮಾಡಿಕೊಂಡು, ಅಂದಿನ ತಪ್ಪು ಮಲ್ಲಿಕಾಳದಲ್ಲ, ಸಾಫ್ಟ್‌ವೇರಿನದು ಎಂದು ಸಣ್ಣ ದನಿಯಲ್ಲಿ ಹೇಳಿದರು.

"ನಮಗ ಕೇಳಸಲಿಲ್ಲರೀ ಸಾಹೇಬ್ರ" ಎಂದಳು ಅಂಬಮ್ಮ. "ಅವತ್ತ ಬಸ್ ಸ್ಟ್ಯಾಂಡಿನ ತನಕ ಕೇಳ್ಸಿತ್ತು."

ಡಾಕ್ಟರು ಯಶವಂತನ ಮುಖ ನೋಡಿದರು. ಯಶವಂತ ನೆಲ ನೋಡಿದ. ಡಾಕ್ಟರು ಎರಡನೆಯ ಸಲ ಗಟ್ಟಿಯಾಗಿ ಹೇಳಿದರು. ಮಲ್ಲಿಕಾ ಟ್ಯೂಬು ಅದಲುಬದಲು ಮಾಡಿಲ್ಲ, ಏನನ್ನೂ ತಿದ್ದಿಲ್ಲ, ವಿಚಾರಿಸದೆ ಬೈದದ್ದು ನನ್ನ ತಪ್ಪು. ಆಮೇಲೆ ತಪ್ಪು ತನ್ನ ಕಂಪನಿಯದೆಂದು ಯಶವಂತನೂ ಹೇಳಬೇಕಾಯಿತು. ಅವನು ಇಂಗ್ಲಿಷಿನಲ್ಲಿ ಶುರು ಮಾಡಿದ. ಸೂಗಪ್ಪ ಬೇವಿನ ಬುಡದಿಂದ ಒಮ್ಮೆ ಕೆಮ್ಮಿದ. ಯಶವಂತ ಕನ್ನಡಕ್ಕೆ ಬಂದ.

ಕೇಳಿಯಾದ ಮೇಲೆ ಅಂಬಮ್ಮ ತನ್ನ ಮನೆಯವರ ಫೋನುಗಳನ್ನು ಎತ್ತಿಸಿದಳು. ಬಾಯಿಮಾತಿಗೆ ಒಪ್ಪುವವಳಲ್ಲ ಆಕೆ. ಮೊನ್ನೆಯ ಅದೇ ಮೆಸೇಜುಗಳು, ಅವೇ ಲಿಂಕುಗಳು. ಟವೆಲ್ಲಿನ ಮನೆಯವರೂ ತಮ್ಮವನ್ನು ಹಿಡಿದುಕೊಂಡರು. ಶರಣಬಸವಪ್ಪನ ಹೆಸರು ಮುಗಿಯುತ್ತಲೇ ಇಡೀ ಕಟ್ಟೆ ಒತ್ತಿತು. ಮಾಳಿಂಗ ಅಂಗೈಯಿಂದ ಪರದೆ ಮುಚ್ಚಿಕೊಂಡು ತಾನೊಬ್ಬನೇ ಇಣುಕಿ ನೋಡಿದ.

"ಏನಪಾ, ಏನರ ಸುದ್ದಿ?" ಎಂದಳು ಚಂದಮ್ಮ.

"ನಂದೇ ಅದ ಚಿಗವ್ವಾ" ಎಂದ ಮಾಳಿಂಗ.

ಒಬ್ಬೊಬ್ಬರೂ ತಮ್ಮ ಹೆಸರು, ತಮ್ಮ ಅಂಕಿ ಗಟ್ಟಿಯಾಗಿ ಓದಿ ಪಕ್ಕದವರಿಗೆ ತೋರಿಸತೊಡಗಿದರು. ಸೂಗಪ್ಪ ಬಾಗಿಲ ಕಡೆ ನೋಡಿದ. ಮಲ್ಲಿಕಾ ಅಲ್ಲಿರಲಿಲ್ಲ. ಒಳಗೆ ಮುಂದಿನವರನ್ನು ಕೂರಿಸಿ, ತೋಳಿಗೆ ಪಟ್ಟಿ ಬಿಗಿದು, ಮುಷ್ಟಿ ಕಟ್ಟಿರಿ ಎನ್ನುತ್ತಿದ್ದಳು.